ಕಂಡಕ್ಟರಕ್ಕ ನಮ್ಮಪ್ಪನನ್ನು ನೋಡಿಕೊಂಡ ಎರಡು ಗಂಟೆ

ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ನಿಂತವರಿಗೆ ನಿವೃತ್ತಿಯಾದ ಮೇಲೂ ಕೂರುವುದು ಬರುವುದಿಲ್ಲ. ಕಂಡಕ್ಟರಕ್ಕ ಯಾರ ಮನೆಗೆ ಹೋದರೂ ಗೋಡೆಗೆ ಸೊಂಟ ಒರಗಿಸಿ, ಕಾಲು ಅಗಲಿಸಿ, ನಿಂತೇ ಕಾಫಿ ಕುಡಿಯುತ್ತಾರೆ, ಮನೆ ಈಗಲೋ ಆಗಲೋ ಎಡಕ್ಕೆ ತಿರುಗಿಬಿಡುತ್ತದೆ ಎಂಬ ಹಾಗೆ. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ಆ ಕೊರತೆಯನ್ನೆಲ್ಲ ಗಂಟಲು ತುಂಬಿಕೊಟ್ಟಿದೆ. "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಅವರು ಒಂದು ಸಲ ಕೂಗಿದರೆ ಬಸ್ಸಿನಲ್ಲಿ ಇಲ್ಲದ ಜಾಗವೂ ಹುಟ್ಟಿಕೊಳ್ಳುತ್ತಿತ್ತಂತೆ. ಅವರಿಗೆ ಒಂದೇ ಒಂದು ಜಂಬ. "ಮುಖ ನೋಡಿದ್ರೆ ಸಾಕು, ಯಾರ ಹತ್ರ ಟಿಕೆಟ್ ಇಲ್ಲ ಅಂತ ಹೇಳ್ಬಿಡ್ತೀನಿ. ಮೂವತ್ತೊಂದು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ." ಈ ಜಂಬವೇ ಮುಂದೆ ನಮ್ಮ ಮನೆಯ ಬಾಗಿಲಲ್ಲಿ ಎಡವಿ ಬಿದ್ದದ್ದು.

ನಮ್ಮ ಕಡೆ ನಾಲ್ಕು ರಸ್ತೆ ಕೂಡುವಲ್ಲಿ ಒಂದು ಜೆರಾಕ್ಸ್ ಅಂಗಡಿಯಿದೆ. ಅದರ ಮೇಲಿನ ಕೋಣೆಯಲ್ಲಿ ಮರೆವಿನ ಕಾಯಿಲೆಯವರ ಮನೆಮಂದಿ ಸೇರಿ ಕಟ್ಟಿಕೊಂಡ ಒಂದು ಸಂಘ. ಸಂಘದವರೊಬ್ಬರು ಕಾಯಿಲೆಯವರ ಮನೆಗೆ ಬಂದು ಎರಡು ಗಂಟೆ ಜೊತೆಗಿರುತ್ತಾರೆ. ಆ ಹೊತ್ತಿನಲ್ಲಿ, ಹಗಲಿರುಳು ನೋಡಿಕೊಳ್ಳುವ ಗಂಡನೋ ಹೆಂಡತಿಯೋ ಮಗಳೋ ಹೊರಗೆ ಹೋಗಿ ಬರಬಹುದು. ಕೂದಲು ಕತ್ತರಿಸಿಕೊಳ್ಳಬಹುದು, ಗೆಳೆಯರನ್ನು ನೋಡಬಹುದು, ಪಾರ್ಕಿನ ಬೆಂಚಿನ ಮೇಲೆ ಕೂತು ಇಡೀ ಲೋಕಕ್ಕೆ ಹಿಡಿಶಾಪ ಹಾಕಬಹುದು. ಯಾಕೆ, ಏನು ಅಂತ ಯಾರೂ ಕೇಳುವುದಿಲ್ಲ. ಕಂಡಕ್ಟರಕ್ಕ ನಿವೃತ್ತರಾದ ಮೂರನೆಯ ವಾರವೇ ಹೋಗಿ ಸೇರಿಕೊಂಡರು.

ಸೇರಿದ್ದಕ್ಕೆ ಕಾರಣವಿತ್ತು. ಅವರ ಬಸ್ಸಿನ ಡ್ರೈವರ್ ಹತ್ತೊಂಬತ್ತು ವರ್ಷ ಒಂದೇ ರೂಟಿನಲ್ಲಿ ಓಡಿಸಿದವರು. ಒಂದು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಬಸ್ಸು ಕದಲಲಿಲ್ಲ. ಡ್ರೈವರ್ ಹಿಂದಕ್ಕೆ ತಿರುಗಿ, "ಅಮ್ಮಾ, ಈಗ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದರಂತೆ. ಕಂಡಕ್ಟರಕ್ಕ ಸೀಟಿ ಊದಿ ಅಷ್ಟೂ ಜನರನ್ನು ಇಳಿಸಿ, ಡಿಪೋದವರು ಬರುವವರೆಗೆ ಅವರ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತ ನಿಂತಿದ್ದರು. ಆಮೇಲೆ ಆರು ವರ್ಷ ಡ್ರೈವರನ್ನು ಅವರ ಹೆಂಡತಿ ನೋಡಿಕೊಂಡರು. ಮೊದಲು ಹೋದದ್ದು ಆ ಹೆಂಡತಿ. "ಕಾಯಿಲೆ ಇದ್ದಿದ್ದು ಒಬ್ಬರಿಗೆ, ಸವೆದುಹೋಗಿದ್ದು ಇನ್ನೊಬ್ಬರು" ಎಂದು ಕಂಡಕ್ಟರಕ್ಕ ಹೇಳುತ್ತಾರೆ. ಅದನ್ನು ಹೇಳುವಾಗ ಮಾತ್ರ ಅವರ ಗಂಟಲು ತಗ್ಗುತ್ತದೆ.

ಇನ್ನು ನಮ್ಮ ಮನೆ. ಅಪ್ಪ, ಅಮ್ಮ, ನಾನು, ಎರಡನೆಯ ಮಹಡಿ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುತ್ತೇನೆ. ಅಪ್ಪ ಕರೆಂಟಿನ ಮೀಟರ್ ರೀಡರ್ ಆಗಿದ್ದವರು, ಈ ಭಾಗದ ಪ್ರತಿ ಸಂದಿಗೊಂದಿಯ ಪ್ರತಿ ನಾಯಿಯ ಪರಿಚಯವೂ ಇದ್ದವರು. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ರಿಸೆಪ್ಶನ್ ನೋಡಿಕೊಂಡವಳು. ಹೆದರಿ ಬಾಗಿಲಿನಿಂದಲೇ ವಾಪಸು ಓಡುವ ರೋಗಿಗಳನ್ನು ಹಿಡಿದು ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ನನ್ನ ಹೆಸರು ಹೋಯಿತು, ಮನೆಯ ದಾರಿ ಹೋಯಿತು, ಕೆಲವು ದಿನ ಅಪ್ಪನೂ ಹೋಗುತ್ತಿದ್ದರು. ರಿಸೆಪ್ಶನ್ ಮಾತ್ರ ಒಂದಿಷ್ಟೂ ಹೋಗಲಿಲ್ಲ. ಮನೆಗೆ ಬಂದವರನ್ನು ಅವಳು ಮಾತಾಡಿಸುವ ಚೆಂದ ನೋಡಿದರೆ, ಕಾಯಿಲೆ ಇರುವುದು ಬಂದವರಿಗೇ ಇರಬೇಕು ಅನ್ನಿಸುತ್ತಿತ್ತು.

ಅಪ್ಪನದು ಇನ್ನೊಂದು ಕಥೆ. ಬೆಳಿಗ್ಗೆ ಎದ್ದು ಅಮ್ಮನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಬಟ್ಟೆ ತೊಡಿಸಿ, ತಲೆ ಬಾಚಿ, ಕೈಗೆ ವಾಚು ಕಟ್ಟಿ ಕೂರಿಸುತ್ತಿದ್ದರು. ಅಷ್ಟರಲ್ಲಿ ಅವರ ಪಾಲಿನ ದಿನ ಮುಗಿದುಹೋಗುತ್ತಿತ್ತು. ತಾನು ತಿಂದೆನೋ ಇಲ್ಲವೋ ಎಂಬುದು ಅವರಿಗೆ ಗೊತ್ತಿರುತ್ತಿರಲಿಲ್ಲ. ಅಮ್ಮ ಎದ್ದು ಹೊರಟುಬಿಡುತ್ತಾಳೆ ಎಂದು ಬಾಗಿಲಿಗೆ ಅಡ್ಡ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದರು. ಮಲಗುತ್ತಿದ್ದರು ಅನ್ನುವುದು ಮರ್ಯಾದೆಯ ಮಾತು, ಬರೀ ಅಡ್ಡ ಬೀಳುತ್ತಿದ್ದರು ಅಷ್ಟೆ. ಡಾಕ್ಟರು ಅವರ ರಕ್ತದೊತ್ತಡ ನೋಡಿ ನನ್ನ ಕಡೆ ತಿರುಗಿ, "ಇವರು ಹೀಗೇ ಇದ್ರೆ ನಿಮ್ಮಮ್ಮನಿಗಿಂತ ಮೊದಲು ಇವರೇ ಬೀಳ್ತಾರೆ" ಎಂದರು.

ನಾನು ಹೇಳಿದೆ, ಬೇಡಿಕೊಂಡೆ, ಜಗಳವಾಡಿದೆ. ಬೇರೆಯವರ ಕೈಗೆ ಅವಳನ್ನು ಕೊಡುವುದಿಲ್ಲ ಎಂದು ಅಪ್ಪ ಪಟ್ಟು ಹಿಡಿದರು. ಕೊನೆಗೆ ಒಂದು ದಿನ ಊರಾಚೆಯ ಆರೈಕೆ ಮನೆಯ ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟೆ. "ಒಂದೋ ಸಂಘದವರನ್ನ ಮನೆಗೆ ಬಿಡಿ, ಇಲ್ಲಾಂದ್ರೆ ಅಮ್ಮನ್ನ ಅಲ್ಲಿಗೆ ಸೇರಿಸ್ತೀನಿ. ನಿಮ್ಮಿಬ್ಬರನ್ನೂ ಕಳ್ಕೊಳ್ಳೋಕೆ ನಾನು ತಯಾರಿಲ್ಲ" ಎಂದೆ. ಹೇಳಿದ್ದು ನಾನೇ, ಹೇಳಿ ಬಚ್ಚಲಿಗೆ ಹೋಗಿ ಅತ್ತವಳೂ ನಾನೇ. ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಒಂದೇ ಒಂದು ದಿನ. ಎರಡೇ ಗಂಟೆ. ಏನಾದ್ರೂ ಎಡವಟ್ಟಾಯ್ತೋ, ಇನ್ಮೇಲೆ ನೀನು ಈ ಮಾತು ಎತ್ತಕೂಡದು" ಎಂದರು. ಎಡವಟ್ಟಾದರೆ ನಾನು ಆ ಅರ್ಜಿ ತುಂಬಲೇಬೇಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗೊತ್ತುಮಾಡಿದ ದಿನ ನಾನು ಒಂಬತ್ತಕ್ಕೇ ಅಂಗಡಿಗೆ ಹೋದೆ. ಕಂಡಕ್ಟರಕ್ಕ ಹನ್ನೊಂದಕ್ಕೆ ಬರುವವರಿದ್ದರು. ಆಮೇಲೆ ನಡೆದದ್ದನ್ನು ನಾನು ಅಪ್ಪನ ಬಾಯಲ್ಲಿ ಒಂದು ಸಲ, ಕಂಡಕ್ಟರಕ್ಕನ ಬಾಯಲ್ಲಿ ಅಭಿನಯ ಸಮೇತ ಹತ್ತು ಸಲ, ರಸ್ತೆಯ ಅಂಗಡಿಯವರ ಬಾಯಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಒಟ್ಟು ಜೋಡಿಸಿ ಹೇಳುತ್ತೇನೆ, ಹೆಚ್ಚುಕಡಿಮೆ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಂಘದವರು ಕಂಡಕ್ಟರಕ್ಕನ ಕೈಗೆ ನಮ್ಮ ಮನೆಯ ವಿವರದ ಹಾಳೆ ಕೊಟ್ಟಿದ್ದರು. ಯಾರಿಗೆ ಕಾಯಿಲೆ, ಏನು ಇಷ್ಟ, ಏನು ಕಷ್ಟ, ಎಲ್ಲ ನಾನೇ ಬರೆದುಕೊಟ್ಟದ್ದು. ಅದನ್ನು ಅವರು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಿದ್ದರು. ಓದಲಿಲ್ಲ. ಗಂಡ ಹೆಂಡತಿ ಇದ್ದಾರೆ, ಒಬ್ಬರಿಗೆ ಮರೆವು ಎಂದು ಬಾಯಿಮಾತಲ್ಲಿ ಕೇಳಿದ್ದಷ್ಟೇ ಸಾಕಾಗಿತ್ತು. ಯಾರಿಗೆ ಅಂತ ಮುಖ ಹೇಳುವುದಿಲ್ಲವೇ?

ಗಂಟೆ ಒತ್ತಿದಾಗ ಬಾಗಿಲು ತೆಗೆದವಳು ಅಮ್ಮ. ಇಸ್ತ್ರಿ ಬಟ್ಟೆ, ಬಾಚಿದ ತಲೆ, ಕೈಯಲ್ಲಿ ವಾಚು, ಮುಖದಲ್ಲಿ ಇಪ್ಪತ್ತೆಂಟು ವರ್ಷ ಪಳಗಿದ ನಗು. ಅವಳ ಹಿಂದೆ ಪಡಸಾಲೆಯಲ್ಲಿ ಅಪ್ಪ ಹಾದುಹೋದರು. ಅಂಗಿ ಒಳಗಿನದು ಹೊರಗೆ, ಒಂದು ಕೆನ್ನೆಗೆ ಕ್ಷೌರ, ಇನ್ನೊಂದಕ್ಕೆ ಬರೀ ನೊರೆ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. "ಬಂದೆ ಬಂದೆ, ಎರಡು ನಿಮಿಷ" ಎಂದು ಗೊಣಗುತ್ತ ಉಳಿದ ಕೆನ್ನೆ ಮುಗಿಸಲು ಬಚ್ಚಲಿಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕಂಡಕ್ಟರಕ್ಕ ಮುಖ ನೋಡಿದರು, ತೀರ್ಮಾನಿಸಿಯೇಬಿಟ್ಟರು.

"ಬನ್ನಿ, ಒಳಗೆ ಬನ್ನಿ" ಎಂದಳು ಅಮ್ಮ. ಆಮೇಲೆ ಬಚ್ಚಲಿನ ಕಡೆ ಕಣ್ಣು ತೋರಿಸಿ, ದನಿ ತಗ್ಗಿಸಿ, "ಅವರಿಗೆ ಸ್ವಲ್ಪ ಭಯ. ಪಾಪ, ತುಂಬ ದಿನದಿಂದ ನೋವು ತಿಂದಿದ್ದಾರೆ. ನನಗೇನೂ ಆಗಿಲ್ಲ, ನಾನು ಹೋಗ್ತೀನಿ ಅಂತಾರೆ. ಎಲ್ಲರೂ ಹಾಗೇ ಅನ್ನೋದು. ನೀವು ಬಿಡಬೇಡಿ. ಮಾತಾಡಿಸ್ತಾ ಇರಿ" ಎಂದಳು. ಇದನ್ನು ಅವಳು ಕ್ಲಿನಿಕ್ಕಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳಿದವಳು.

"ನೀವೇನೂ ಯೋಚ್ನೆ ಮಾಡ್ಬೇಡಿ ಮೇಡಂ. ನಾನಿದ್ದೀನಿ, ನೀವು ಆರಾಮಾಗಿ ಹೋಗಿಬನ್ನಿ."

"ನನಗೂ ಡ್ಯೂಟಿಗೆ ಹೊತ್ತಾಯ್ತು" ಎಂದು ಅಮ್ಮ ವಾಚು ನೋಡಿದಳು. ಕೈಚೀಲ ತಗಲಿಸಿಕೊಂಡಳು. ಇಷ್ಟು ದಣಿದ ಹೆಂಗಸು ಇಷ್ಟು ನೀಟಾಗಿ ಇದ್ದಾರಲ್ಲ ಎಂದು ಕಂಡಕ್ಟರಕ್ಕನಿಗೆ ಕಣ್ಣು ತುಂಬಿ ಬಂದವಂತೆ. ಮೆಟ್ಟಿಲಿನ ತನಕ ಹೋಗಿ ಬೀಳ್ಕೊಟ್ಟು ಬಂದರು.

ಎರಡು ನಿಮಿಷಕ್ಕೆ ಅಪ್ಪ ಆ ಕೆನ್ನೆಯನ್ನು ಅರ್ಧಕ್ಕೇ ಬಿಟ್ಟು ಬಚ್ಚಲಿನಿಂದ ಹೊರಬಿದ್ದರು. ಕುರ್ಚಿ ನೋಡಿದರು, ಕೋಣೆ ನೋಡಿದರು, ಅಡುಗೆಮನೆ ನೋಡಿದರು. "ಅವಳೆಲ್ಲಿ?"

"ಡ್ಯೂಟಿಗೆ ಹೋದ್ರು ಯಜಮಾನ್ರೇ. ಬರ್ತಾರೆ. ನೀವು ಕೂತ್ಕೊಳ್ಳಿ."

ಅಪ್ಪ ಬಾಗಿಲಿನ ಕಡೆ ನುಗ್ಗಿದರು, ಕಂಡಕ್ಟರಕ್ಕ ಅಡ್ಡ ನಿಂತರು. "ಹೋದ್ಲಾ? ಬಿಟ್ಬಿಟ್ರಾ? ಅಯ್ಯೋ, ಅವಳಿಗೆ ಮರೆವು ಕಣ್ರೀ!"

ಸಂಘದವರು ಕೊಟ್ಟ ನಾಲ್ಕು ದಿನದ ತರಬೇತಿಯಲ್ಲಿ ಮೊದಲ ಪಾಠ, ಕಾಯಿಲೆಯವರಿಗೆ ಎದುರು ಮಾತಾಡಬಾರದು. "ಹೌದು ಯಜಮಾನ್ರೇ, ಅವರಿಗೇ" ಎಂದರು ಕಂಡಕ್ಟರಕ್ಕ.

"ನನಗೇನೂ ಆಗಿಲ್ಲ!"

"ನಿಮಗೇನಾಗಿದೆ? ಗುಂಡುಕಲ್ಲು ಇದ್ದ ಹಾಗೆ ಇದ್ದೀರಿ."

"ನನ್ನ ಮಾತು ನಂಬ್ತೀರಾ ತಾಯಿ?"

"ಅಕ್ಷರ ಅಕ್ಷರಾನೂ ನಂಬ್ತೀನಿ."

"ಹಾಗಾದ್ರೆ ಬಾಗಿಲು ಬಿಡಿ!"

"ಬಿಡ್ತೀನಿ. ಮೊದಲು ಕಿವಿ ಹತ್ರ ಸೋಪಿದೆ, ಒರೆಸ್ಕೊಳ್ಳಿ."

ತಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುವ, ಆದರೆ ಬಾಗಿಲಿನಿಂದ ಕೂದಲೆಳೆಯಷ್ಟೂ ಕದಲದ ಮನುಷ್ಯರನ್ನು ಅಪ್ಪ ಜೀವಮಾನದಲ್ಲಿ ನೋಡಿರಲಿಲ್ಲ. ಕೂಗಾಡಿದರು. ಬೇಡಿಕೊಂಡರು. ಕಂಡಕ್ಟರಕ್ಕ ತಲೆಯಾಡಿಸುತ್ತ ಅವರ ಅಂಗಿ ಬಿಚ್ಚಿಸಿ, ತಿರುಗಿಸಿ, ಮತ್ತೆ ತೊಡಿಸಿ, ಗುಂಡಿ ಹಾಕಿದರು. ಆಮೇಲೆ ಅವರಿಗೆ ಇನ್ನೊಂದು ಪಾಠ ನೆನಪಾಯಿತು. ಕಾಯಿಲೆಯವರು ಹೊರಗೆ ಹೋಗಲೇಬೇಕು ಎಂದು ಹಟ ಹಿಡಿದರೆ ತಡೆಯಬೇಡಿ, ಕೈ ಹಿಡಿದು ನೀವೂ ಹೊರಡಿ. "ಬನ್ನಿ, ಇಬ್ರೂ ಸೇರಿ ಹುಡುಕೋಣ" ಎಂದರು. ಅಪ್ಪನಿಗೆ ಹೋದ ಜೀವ ಬಂದಂತಾಯಿತು. ಮೇಜಿನ ಮೇಲಿನ ಫೋನು ಜೇಬಿಗೆ ತುರುಕಿಕೊಂಡು ಮೆಟ್ಟಿಲಿಳಿದರು.

ಬೀದಿಗೆ ಬಂದವರೇ ನನಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದರು. ಹೊರಗೆ ಬಂದದ್ದು ಟೀವಿಯ ರಿಮೋಟು. ಅಪ್ಪ ಅದನ್ನು ನೋಡುತ್ತ ನಿಂತುಬಿಟ್ಟರು. "ಮಾತಾಡಿ ಮಾತಾಡಿ, ಅವಸರ ಏನಿಲ್ಲ, ನಾನು ಕಾಯ್ತೀನಿ" ಎಂದರು ಕಂಡಕ್ಟರಕ್ಕ, ತುಂಬ ಕರುಣೆಯಿಂದ. ಮನೆಗೆ ಹಿಂತಿರುಗಿ ಫೋನು ತರೋಣವೆಂದರೆ ಅವಸರದಲ್ಲಿ ಬಾಗಿಲು ಎಳೆದುಕೊಂಡಿದ್ದರು, ಬೀಗದ ಕೈ ಒಳಗೇ ಉಳಿದಿತ್ತು. ಇನ್ನು ಕಂಡಕ್ಟರಕ್ಕನ ಫೋನು ಕೇಳೋಣವೆಂದರೆ ನನ್ನ ನಂಬರು ಅಪ್ಪನ ತಲೆಯಲ್ಲಿರಲಿಲ್ಲ. "ಮಗಳ ನಂಬರ್ ಮರೆತೋಯ್ತು" ಎಂದು ಅವರು ತಮ್ಮ ಬಾಯಾರೆ ಹೇಳಿದ ಮೇಲೆ ಕಂಡಕ್ಟರಕ್ಕನಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. ಆ ನಂಬರು ಅವರ ಚೀಲದಲ್ಲಿದ್ದ ಹಾಳೆಯ ತುದಿಯಲ್ಲೇ ಇತ್ತು. ಹಾಳೆ ನಾಲ್ಕು ಮಡಿಕೆಯಲ್ಲಿ ಸುಖವಾಗಿ ಮಲಗಿತ್ತು.

ಮೂಲೆಯ ಸ್ಟೇಷನರಿ ಅಂಗಡಿಯವನನ್ನು ಅಪ್ಪ ಕೇಳಿದರು, "ನನ್ನ ಹೆಂಡತಿ ಈ ಕಡೆ ಹೋದ್ಲಾ? ನೀಲಿ ಸ್ವೆಟರು, ಕೈಚೀಲ." ಅಂಗಡಿಯವನು ಹೊಸಬ, ಅಪ್ಪನ ಪರಿಚಯವಿಲ್ಲ. ಅವನು ಇಲ್ಲ ಅನ್ನುವಷ್ಟರಲ್ಲಿ ಅಪ್ಪನ ಬೆನ್ನ ಹಿಂದೆ ನಿಂತ ಕಂಡಕ್ಟರಕ್ಕ ತಲೆಯ ಪಕ್ಕ ಬೆರಳಾಡಿಸಿ, ಕಣ್ಣು ಮಿಟುಕಿಸಿ, ಹೂಂ ಅನ್ನಿ ಎಂದು ಸನ್ನೆ ಮಾಡಿದರು. "ಹೂಂ ತಾತಾ, ಈಗ ತಾನೇ ಹೋದ್ರು, ಆ ಕಡೆ" ಎಂದು ಅವನು ಎಡಕ್ಕೆ ಕೈ ತೋರಿಸಿದ. ಎಡಕ್ಕೆ ಓಡಿದರು. ಅಲ್ಲಿ ವಾಚ್ ರಿಪೇರಿಯವನು ಅದೇ ಸನ್ನೆ ನೋಡಿ ಬಲಕ್ಕೆ ತೋರಿಸಿದ. ಬಲಕ್ಕೆ ಓಡಿದರು. ಹೂವಿನ ಕುಂಡ ಮಾರುವವಳು, "ನೋಡಿದೆ ನೋಡಿದೆ, ಮೂರು ಜನ ಮಕ್ಕಳ ಜೊತೆ ಹೋದ್ರು" ಎಂದು ಧಾರಾಳವಾಗಿ ಸೇರಿಸಿಕೊಟ್ಟಳು. ನಮ್ಮಪ್ಪ ಅಮ್ಮನಿಗೆ ಇರುವವಳು ನಾನೊಬ್ಬಳೇ.

"ಈ ಬೀದಿಯವರಿಗೆಲ್ಲ ಏನು ಬಂದಿದೆ?" ಎಂದು ಅಪ್ಪ ರಸ್ತೆ ಮಧ್ಯೆ ನಿಂತು ಕೂಗಿದರು.

"ಅದೇ ನೋಡಿ ಯಜಮಾನ್ರೇ, ಎಲ್ಲರಿಗೂ ಮರೆವು" ಎಂದು ಕಂಡಕ್ಟರಕ್ಕ ಅವರ ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಅಪ್ಪ ಸಿಟ್ಟಿನಲ್ಲಿ ತಿಂದರು. ಇನ್ನೊಂದು ಕೊಟ್ಟರು, ಅದನ್ನೂ ಸಿಟ್ಟಿನಲ್ಲಿ ತಿಂದರು. ಹಿಂದಿನ ದಿನ ಸಂಜೆಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಹೊಟ್ಟೆಗೆ ಬಿದ್ದ ಮೇಲೆ ತಲೆ ಓಡಿತು. ಡ್ಯೂಟಿ! ಡ್ಯೂಟಿಗೆ ಹೋದಳು ಅಂದರಲ್ಲ ಇವರು! "ಕ್ಲಿನಿಕ್ಕು!" ಎಂದು ಅಪ್ಪ ಚೀರಿದರು. "ಹಲ್ಲಿನ ಡಾಕ್ಟರ ಕ್ಲಿನಿಕ್ಕು! ಅಲ್ಲಿಗೇ ಹೋಗಿರ್ತಾಳೆ. ಬಿಟ್ಟು ಹನ್ನೊಂದು ವರ್ಷ ಆಯ್ತು, ಆದ್ರೂ ಅಲ್ಲಿಗೇ ಹೋಗಿರ್ತಾಳೆ!"

"ಬಿಟ್ಟು ಹನ್ನೊಂದು ವರ್ಷ ಆದ ಡ್ಯೂಟಿಗೆ" ಎಂದು ಕಂಡಕ್ಟರಕ್ಕ ಒಪ್ಪಿದರು. "ಸರಿಯಾಗಿದೆ. ನಡೀರಿ."

ಅಪ್ಪನಿಗೆ ಸಂದಿಗಳಲ್ಲಿ ನುಗ್ಗುವ ಆಸೆ. ಕಂಡಕ್ಟರಕ್ಕನಿಗೆ ಬಸ್ಸು ಬಿಟ್ಟರೆ ಬೇರೆ ದಾರಿಯೇ ದಾರಿಯಲ್ಲ. ಗೆದ್ದದ್ದು ಬಸ್ಸು. ಅದಕ್ಕಾಗಿ ದೊಡ್ಡ ರಸ್ತೆ ದಾಟಬೇಕಿತ್ತು. ಕಂಡಕ್ಟರಕ್ಕ ಅಪ್ಪನ ಕೈ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ಎತ್ತಿ, ಎರಡೂ ಕಡೆಯ ಗಾಡಿಗಳನ್ನು ಕಣ್ಣಲ್ಲೇ ಗದರಿಸಿ ನಿಲ್ಲಿಸಿ ಆಚೆ ಕರೆದುಕೊಂಡು ಹೋದರು. ಬಸ್ಸು ಕಿಕ್ಕಿರಿದಿತ್ತು. ಅಲ್ಲಿನ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಇವರು, "ಒಳಗೆ ನಡೀರಿ, ಒಳಗೆ ಜಾಗ ಇದೆ!" ಎಂದು ಕೂಗಿದರು. ಬಸ್ಸು ತನ್ನಿಂತಾನೇ ಸರಿದುಕೊಂಡಿತು. "ಏಳಪ್ಪಾ, ಇವರಿಗೆ ಸೀಟು ಬಿಡು, ಮರೆವಿನ ಕಾಯಿಲೆ, ಪಾಪ." ಒಬ್ಬ ಎದ್ದ. ಇನ್ನೊಬ್ಬ ಕಿಟಕಿ ತೆರೆದ. ಪಕ್ಕದಲ್ಲಿದ್ದ ಹೆಂಗಸು ಅಪ್ಪನ ಕಿವಿಗೆ ಬಾಗಿ, "ತಾತಾ, ನಿಮ್ಮ ಹೆಸರು ನೆನಪಿದ್ಯಾ?" ಎಂದು ಕೇಳಿದಳು.

"ನೆನಪಿದೆ!" ಎಂದು ಅಪ್ಪ ಗುಡುಗಿದರು. "ನಿಮ್ಮನೆ ಮೀಟರ್ ನಂಬರ್ ಬೇಕಾದ್ರೂ ಹೇಳ್ತೀನಿ!"

ಇಡೀ ಬಸ್ಸು ಪ್ರೀತಿಯಿಂದ ನಕ್ಕಿತು.

ಅತ್ತ ಕ್ಲಿನಿಕ್ಕಿನಲ್ಲಿ ಅಮ್ಮ ಆರಾಮಾಗಿ ಕೆಲಸ ಶುರುಮಾಡಿದ್ದಳು. ಮನೆಯ ದಾರಿ ತಪ್ಪುವ ನನ್ನಮ್ಮನಿಗೆ ಕ್ಲಿನಿಕ್ಕಿನ ದಾರಿ ಮಾತ್ರ ಹೇಗೆ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ಅಲ್ಲೀಗ ಹಳೆಯ ಡಾಕ್ಟರ ಮಗ ಡಾಕ್ಟರು. ಅವರು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅಮ್ಮನನ್ನು ಬಲ್ಲವರು. ಅವಳು ಬಾಗಿಲು ತಳ್ಳಿಕೊಂಡು ಬಂದು, ರಿಸೆಪ್ಶನಿನ ಹುಡುಗಿಗೆ "ನೀನು ಹೋಗಿ ಟೀ ಕುಡಿದು ಬಾಮ್ಮಾ" ಎಂದು ಹೇಳಿ ಕುರ್ಚಿಯಲ್ಲಿ ಕೂತಳಂತೆ. ಡಾಕ್ಟರಿಗೆ ಒಂದೇ ನೋಟಕ್ಕೆ ವಿಷಯ ಗೊತ್ತಾಗಿ ನಮ್ಮ ಅಂಗಡಿಗೆ ಫೋನ್ ಮಾಡಿದರು. ಗಾಜು ತೇಯುವ ಯಂತ್ರದ ಸದ್ದಿನಲ್ಲಿ ಮಾಲೀಕರು ನನ್ನ ಭುಜ ಹಿಡಿದು ಅಲುಗಿಸಿದರು. ನಾನು ಏಪ್ರನ್ನು ಸಮೇತ ಓಡಿದೆ. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದೆ, ಸಂಘವನ್ನು, ಕಂಡಕ್ಟರಕ್ಕನನ್ನು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು.

ನಾನು ಕ್ಲಿನಿಕ್ಕಿನ ಬಾಗಿಲಲ್ಲಿ ನುಗ್ಗಿದಾಗ ಅಪ್ಪ, ಕಂಡಕ್ಟರಕ್ಕ ಇಬ್ಬರೂ ಆಗ ತಾನೇ ಒಳಗೆ ಕಾಲಿಟ್ಟಿದ್ದರು. ಅಮ್ಮ ಮೇಜಿನ ಹಿಂದಿನಿಂದ ಎದ್ದಳು. ಅಪ್ಪ ಬೆವರಿ ತೊಪ್ಪೆಯಾಗಿದ್ದರು. ಒಂದು ಕೆನ್ನೆಯಲ್ಲಿ ಇನ್ನೂ ಅರ್ಧ ಗಡ್ಡ ಉಳಿದಿತ್ತು. ಅಮ್ಮ ಗಂಡನನ್ನು ಗುರುತಿಸಲಿಲ್ಲ. ಅವಳಿಗೆ ಕಂಡದ್ದು ಹೆದರಿದ ಒಬ್ಬ ರೋಗಿ.

"ಬನ್ನಿ ಸರ್. ಮೊದಲ ಸಲಾನಾ?" ಎಂದಳು. ಅವರ ಭುಜ ಹಿಡಿದು ಬೆಂಚಿನ ಮೂಲೆಗೆ ಕೂರಿಸಿದಳು. "ಏನೂ ನೋವಾಗಲ್ಲ. ನಾನು ಇಲ್ಲೇ ಇರ್ತೀನಿ. ಕರೆಯೋ ತನಕ ಒಂಚೂರು ಕಣ್ಮುಚ್ಚಿ."

ಅಪ್ಪ ಅವಳ ಮುಖವನ್ನೇ ನೋಡಿದರು. ಸಿಕ್ಕಳು, ಇಲ್ಲೇ ಇದ್ದಾಳೆ, ಎಲ್ಲಿಗೂ ಹೋಗುವುದಿಲ್ಲ. ಕಣ್ಣು ಮುಚ್ಚಿದರು. ಮೂರನೆಯ ಉಸಿರಿಗೆ ಗೊರಕೆ ಶುರುವಾಯಿತು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಕಾಯುವವರನ್ನೆಲ್ಲ ಸುಮ್ಮನಾಗಿಸಿದಳು.

ಕಂಡಕ್ಟರಕ್ಕ ಬೀಗುತ್ತ ನನ್ನ ಬಳಿ ಬಂದರು. "ಮಗಳಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ಏನೂ ಗಾಬರಿ ಆಗ್ಬೇಡಮ್ಮಾ. ನಿಮ್ಮಪ್ಪ ಸ್ವಲ್ಪ ಹಟಮಾರಿ, ಆದ್ರೆ ಬಂಗಾರದಂಥ ಮನುಷ್ಯ. ನಿಮ್ಮಮ್ಮ ಮಾತ್ರ ಗಟ್ಟಿಗಿತ್ತಿ ಬಿಡು. ಈ ವಯಸ್ಸಲ್ಲಿ ಡ್ಯೂಟೀನೂ ಮಾಡ್ತಾ, ಅವರನ್ನೂ ನೋಡ್ಕೊಳ್ತಾ..."

ಬೈಯಲೆಂದು ಇಡೀ ದಾರಿ ಸಜ್ಜುಮಾಡಿಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲಿ ನಿಂತುಹೋಯಿತು. "ಅಕ್ಕಾ" ಎಂದೆ. "ಕಾಯಿಲೆ ಇರೋದು ಅಮ್ಮನಿಗೆ."

ಅವರು ನನ್ನನ್ನು ನೋಡಿದರು. ಮೇಜಿನ ಹಿಂದೆ ಚೀಟಿಗಳನ್ನು ಸರಿಪಡಿಸುತ್ತಿದ್ದ ಅಮ್ಮನನ್ನು ನೋಡಿದರು. ಬಾಯಿ ತೆರೆದು ಗೊರೆಯುತ್ತಿದ್ದ ಅಪ್ಪನನ್ನು ನೋಡಿದರು. ಚೀಲದಿಂದ ಹಾಳೆ ತೆಗೆದು, ಒಂದೊಂದೇ ಮಡಿಕೆ ಬಿಚ್ಚಿ ಓದಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇರಬೇಕು, ಕಂಡಕ್ಟರಕ್ಕ ಕುರ್ಚಿ ಹುಡುಕಿಕೊಂಡು ಕೂತರು.

ನನಗೆ ನಗು ಬಂತು. ಬರಬಾರದಿತ್ತು, ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡರೆ ಮೂಗಿನಿಂದ ಬಂತು. ಒಳಗಿನಿಂದ ಇಣುಕಿದ ಡಾಕ್ಟರಿಗೂ ಹತ್ತಿಕೊಂಡಿತು, ಡ್ರಿಲ್ಲು ಹಿಡಿದ ಕೈ ನಡುಗುತ್ತದೆಂದು ಅದನ್ನು ಕೆಳಗಿಟ್ಟರು. ಕಾಯುತ್ತಿದ್ದ ಆರು ಜನ ಯಾಕೆಂದು ಗೊತ್ತಿಲ್ಲದೆ, ಹಲ್ಲುನೋವು ಹಿಡಿದುಕೊಂಡೇ ನಕ್ಕರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಅದೂ ಸದ್ದಿಲ್ಲದೆ. ಸದ್ದು ಮಾಡಿದವರನ್ನು ಅಮ್ಮ ಕಣ್ಣು ಬಿಟ್ಟು ಹೆದರಿಸುತ್ತಿದ್ದಳು.

ಕಂಡಕ್ಟರಕ್ಕ ನಗಲಿಲ್ಲ. "ನಗ್ಬೇಡಮ್ಮಾ" ಎಂದರು. "ಆಯಮ್ಮನ್ನ ಈ ಕೈಯಲ್ಲೇ ರಸ್ತೆಗೆ ಕಳಿಸ್ಕೊಟ್ಟೆ. ಅಷ್ಟೊಂದು ಗಾಡಿ ಓಡಾಡೋ ರಸ್ತೆಗೆ. ಹುಡುಕೋಕೆ ಹೊರಟ ಗಂಡನಿಗೆ ಬಾಗಿಲು ಅಡ್ಡ ಹಾಕಿದೆ. ಏನಾದ್ರೂ ಆಗಿದ್ರೆ?" ಅವರ ಗಂಟಲು ತಗ್ಗಿಹೋಗಿತ್ತು. ನನ್ನ ನಗುವೂ ಅಲ್ಲಿಗೆ ನಿಂತಿತು. ಅವರು ಹೇಳಿದ್ದು ನಿಜ. ನಾನು ನಕ್ಕದ್ದು ಅಮ್ಮ ಕಣ್ಣೆದುರಿಗೆ ಇದ್ದಳು ಎಂಬ ಒಂದೇ ಕಾರಣಕ್ಕೆ.

ಅಪ್ಪ ಒಂದು ಗಂಟೆ ಇಪ್ಪತ್ತು ನಿಮಿಷ ಮಲಗಿದರು. ನಾವು ಯಾರೂ ಎಬ್ಬಿಸಲಿಲ್ಲ. ನಾನು ಅವರ ಎದುರು ಕೂತು ಇದೆಲ್ಲ ಮುಗಿಯಿತು ಅಂದುಕೊಂಡೆ. ಎಡವಟ್ಟಾದರೆ ಮಾತು ಎತ್ತಕೂಡದು ಎಂದಿದ್ದರು. ಇದಕ್ಕಿಂತ ದೊಡ್ಡ ಎಡವಟ್ಟನ್ನು ಬೇಕೆಂದರೂ ಮಾಡಲಾಗದು. ಮನೆಗೆ ಹೋದ ಮೇಲೆ ಆ ಅರ್ಜಿಗೆ ಮೊದಲು ಅಮ್ಮನ ಹೆಸರು ಬರೆಯಬೇಕು. ಅಮ್ಮ ಒಬ್ಬೊಬ್ಬರನ್ನೇ ಮೆತ್ತಗೆ ಕರೆದು ಒಳಗೆ ಕಳಿಸುತ್ತಿದ್ದಳು. ಅವಳನ್ನು ಆ ಆರೈಕೆ ಮನೆಯಲ್ಲಿ ಬಿಟ್ಟು ನಾನು ಹೇಗೆ ವಾಪಸು ಬರಲಿ?

ಅಪ್ಪ ಎದ್ದಾಗ ಕಂಡಕ್ಟರಕ್ಕ ಅವರ ಮುಂದೆ ಹೋಗಿ ನಿಂತರು. "ಯಜಮಾನ್ರೇ, ತಪ್ಪಾಯ್ತು. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಸಂಘಕ್ಕೆ ಹೋಗಿ ಹೇಳ್ತೀನಿ, ಬೇರೆ ಒಳ್ಳೆಯವರನ್ನ ಕಳಿಸ್ತಾರೆ. ದಯವಿಟ್ಟು ಅವರನ್ನಾದ್ರೂ ಬೇಡ ಅನ್ಬೇಡಿ."

ಅಪ್ಪ ಕಣ್ಣುಜ್ಜಿಕೊಂಡರು. ಅಮ್ಮ ಎಲ್ಲಿ ಎಂದು ನೋಡಿದರು, ಇದ್ದಳು. ಆಮೇಲೆ ಕಂಡಕ್ಟರಕ್ಕನನ್ನು ನೋಡಿದರು.

"ಬೇರೆಯವರು ಬೇಡ" ಎಂದರು.

"ಅಪ್ಪಾ..." ಎಂದೆ.

"ಸ್ವಲ್ಪ ಸುಮ್ನಿರು, ಹೇಳ್ತೀನಿ." ಅಪ್ಪ ತಮ್ಮ ಅಂಗೈ ನೋಡಿಕೊಂಡರು. "ಆ ದೊಡ್ಡ ರಸ್ತೆ ದಾಟುವಾಗ ಇವರು ನನ್ನ ಕೈ ಹಿಡಿದ್ರು. ನಾಲ್ಕು ವರ್ಷದಿಂದ ನಾನೇ ಅವಳ ಕೈ ಹಿಡ್ಕೊಂಡು ಎಡಕ್ಕೆ ನೋಡು, ಬಲಕ್ಕೆ ನೋಡು ಅಂತ ದಾಟಿಸ್ತಿದ್ದೆ. ಇವತ್ತು ಅವಳು ಎಲ್ಲಿದ್ದಾಳೋ ಅಂತ ಜೀವ ಬಾಯಿಗೆ ಬಂದಿತ್ತು. ಆದ್ರೂ ರಸ್ತೆ ದಾಟುವಾಗ ನಾನು ಯಾವ ಕಡೆನೂ ನೋಡಲಿಲ್ಲಮ್ಮಾ. ಇವರು ನೋಡ್ತಾರೆ ಅಂತ ಬಿಟ್ಬಿಟ್ಟೆ." ಆಮೇಲೆ ಕಂಡಕ್ಟರಕ್ಕನ ಕಡೆ ತಿರುಗಿ, "ನಾಳೆ ಎಷ್ಟು ಗಂಟೆಗೆ ಬರ್ತೀರಿ ತಾಯಿ?" ಎಂದು ಕೇಳಿದರು.

ಕಂಡಕ್ಟರಕ್ಕ ನಮ್ಮ ಮನೆಯ ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಹನ್ನೊಂದಕ್ಕೆ" ಎಂದರು. "ಇಬ್ರಿಗೂ ಬರ್ತೀನಿ."

"ಹನ್ನೊಂದಕ್ಕೆ ಖಾಲಿ ಇಲ್ಲ" ಎಂದಳು ಅಮ್ಮ ಮೇಜಿನ ಹಿಂದಿನಿಂದ, ಅಪಾಯಿಂಟ್‌ಮೆಂಟಿನ ಪುಸ್ತಕದಿಂದ ತಲೆಯೆತ್ತದೆ. "ಹತ್ತೂವರೆಗೆ ಬನ್ನಿ."

ಅಪ್ಪ ಹೂಂ ಎಂದರು. ಅಮ್ಮ ಪುಸ್ತಕದಲ್ಲಿ ಬರೆದುಕೊಂಡಳು. ಮರುದಿನ ಕಂಡಕ್ಟರಕ್ಕ ಹತ್ತೂವರೆಗೇ ಬಂದರು.